ಚಟ ಬಿಡಿಸಲು ಊರು ಬಿಡಬೇಕೆ?

‘ಕುಡಿತ ಬಿಡಿಸೋರು ಎಲ್ಲದಾರ್ರೀ?’ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಂಗಸರು. ಉತ್ತರವಾಗಿ ಸಿಗುವುದು ದೂರದ ಊರುಗಳ ಹೆಸರು: ಕಲಬುರಗಿ, ಧಾರವಾಡ, ಬೆಂಗಳೂರು. ಶಹಾಪುರ, ಸುರಪುರಕ್ಕೆ ರೈಲೂ ಇಲ್ಲ. ಹತ್ತಿ ಮಾರಿ ಬಂದ ದುಡ್ಡು ಕೈಯಲ್ಲಿದ್ದರೆ ಹೊರಡುತ್ತಾರೆ, ಇಲ್ಲದಿದ್ದರೆ ಮುಂದಿನ ಸುಗ್ಗಿಯವರೆಗೆ ಸಹಿಸಿಕೊಳ್ಳುತ್ತಾರೆ.

ಆ ಕಾಯುವಿಕೆಯಲ್ಲೇ ಅಪಾಯವಿದೆ. ಕೆಲವರು ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ, ಮಾತ್ರೆಗಳ ಮೊರೆಹೋಗುತ್ತಾರೆ. ಡೈಸಲ್ಫಿರಾಮ್‌ನಂಥ ಔಷಧವನ್ನು ತಿಳಿಯದೆ ನುಂಗಿದವನು ಮತ್ತೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇನ್ನು ಕೆಲವರು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ನೋಡುತ್ತಾರೆ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ಹಠಾತ್ತನೆ ನಿಂತರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಹಿಡಿಯಬಹುದು. ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಪುಡಿ ಬೆರೆತ ಸೇಂದಿಯದೂ ಇದೇ ಕಥೆ. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಸರ್ಕಾರ ಕಡಿವಾಣ ಹಾಕಿದಾಗ ಮೆಹಬೂಬ್‌ನಗರ, ನಿಜಾಮಾಬಾದ್ ಕಡೆಯ ಆಸ್ಪತ್ರೆಗಳು ನಡುಕ, ಫಿಟ್ಸ್ ಬಂದವರಿಂದ ತುಂಬಿದವು.

ಆದ್ದರಿಂದ ಬಿಡಿಸುವ ಮೊದಲ ವಾರ ವೈದ್ಯರ ಕಣ್ಗಾವಲಿನಲ್ಲೇ ಕಳೆಯಬೇಕು.

ಹತ್ತಿರದ ಬಾಗಿಲು ಇಲ್ಲವೆಂದೇನೂ ಇಲ್ಲ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಯಾದಗಿರಿಯಲ್ಲಿ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಆಪ್ತಸಮಾಲೋಚಕರು ಹಗಲುರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಇಷ್ಟಿದ್ದೂ 2019ರ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕ ಎದೆ ಒಡೆಯುವಂಥದ್ದು: ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಬಗೆಯ ನೆರವು ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಖಾಸಗಿ ಕೇಂದ್ರಕ್ಕೇ ಸೇರಿಸಬೇಕಾಗಿ ಬಂದರೆ ಹಣ ಕಟ್ಟುವ ಮುನ್ನ ಕೇಳಬೇಕಾದ್ದು ಕೆಲವಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯೇ? ವೈದ್ಯರು ದಿನವೂ ಬರುತ್ತಾರೆಯೇ? ಮನೆಯವರು ಭೇಟಿಯಾಗಬಹುದೇ, ಫೋನ್ ಮಾಡಬಹುದೇ? ಸರಪಳಿಯಲ್ಲಿ ಕಟ್ಟುವುದನ್ನು ಈ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಹೊಡೆದು ಬಡಿದು ಬಿಡಿಸುತ್ತೇವೆ ಎನ್ನುವವರ ಕೈಗೆ ಮಗನನ್ನು ಒಪ್ಪಿಸಬಾರದು.

ಚಿಕಿತ್ಸೆ ಮುಗಿಸಿದವನು ಮರಳುವುದು ಅದೇ ಓಣಿಗೆ, ಅದೇ ಗೆಳೆಯರ ನಡುವೆ. ಅಲ್ಲಿ ಆಸರೆ ಬೇಕು ಎಂಬುದನ್ನು ಈ ಸೀಮೆ ಹಿಂದೆಯೇ ಅರಿತಿತ್ತು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಿಂದ ಊರೂರು ತಿರುಗಿ, ಮನೆ ಮನೆಯ ಮುಂದೆ ಜೋಳಿಗೆ ಒಡ್ಡಿ ಭಿಕ್ಷೆಯಾಗಿ ಕೇಳಿದ್ದು ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರುಗಳಲ್ಲೇ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸಿ, ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುತ್ತ ಬಂದಿದೆ.

ಈ ಎರಡೂ ಕೈ ಒಂದಾಗಬೇಕಿದೆ: ಔಷಧ ಕೊಡುವ ದವಾಖಾನೆ, ಮರಳಿದವನನ್ನು ಹಿಡಿದು ನಿಲ್ಲಿಸುವ ಊರು. ಗುಳೆ ಹೋಗಿ ಬಂದವರ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಹೋದಾಗ ಕುಡಿತದ ಬಗ್ಗೆಯೂ ಮೆಲ್ಲಗೆ ವಿಚಾರಿಸಲಿ. ಸ್ವಸಹಾಯ ಸಂಘಗಳ ಸಭೆಯಲ್ಲಿ ಮನೋವೈದ್ಯರು ಬರುವ ಮಂಗಳವಾರದ ಸುದ್ದಿಯಾಗಲಿ. ಶಹಾಪುರ, ಸುರಪುರ ತಾಲ್ಲೂಕುಗಳ ಪ್ರತಿ ಪಂಚಾಯಿತಿ ಗೋಡೆಯ ಮೇಲೆ ಆ ದಿನವನ್ನೂ 14416 ಎಂಬ ಸಂಖ್ಯೆಯನ್ನೂ ಬರೆಸುವ ಕೆಲಸ ಈ ತಿಂಗಳೇ ಆಗಬಹುದು.