ಕೆಂಪು ಮೂಗಿನ ಜಿಂಕೆ

ಡಿಸೆಂಬರ್ ಬಂದಿತೆಂದರೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ದೊಡ್ಡಬೆಳವಂಗಲದವರು ಊರಿಗೆ ಬರುವಾಗ ಮಕ್ಕಳಿಗಾಗಿ ಬಣ್ಣದ ಚಿತ್ರಗಳುಳ್ಳ ಕ್ರಿಸ್ಮಸ್ ಪುಸ್ತಕಗಳನ್ನು ತರುವುದುಂಟು. ಹಿರಿಯರಲ್ಲಿ ಕೆಲವರು ಅವನ್ನು ತಿರುವಿ ನೋಡಿ, ‘ಇದರಲ್ಲಿ ಕಲಿಯತಕ್ಕದ್ದೇನಿದೆ? ನಮ್ಮ ಹಬ್ಬವೂ ಅಲ್ಲವಷ್ಟೆ’ ಎಂದು ಮೇಲೆತ್ತಿಟ್ಟುಬಿಡುತ್ತಾರೆ. ಅಂಥವುಗಳಲ್ಲಿ ಒಂದನ್ನಾದರೂ ಮಗುವಿನ ಕೈಗೆ ಕೊಡಬೇಕೆಂದು ಗೃಹಸ್ಥರಲ್ಲಿ ಈ ತಿಂಗಳ ನನ್ನ ವಿಜ್ಞಾಪನೆ. ಅದು ರುಡಾಲ್ಫನೆಂಬ ಕೆಂಪು ಮೂಗಿನ ಹಿಮಸಾರಂಗದ ಕಥೆ.

ಇದು ಪುರಾಣವಲ್ಲ, ಹುಟ್ಟಿದ ವರ್ಷವು ತಿಳಿದಿರುವ ಕಥೆ. 1939 ರಲ್ಲಿ ಅಮೆರಿಕದ ಚಿಕಾಗೋ ನಗರದ ಮಾಂಟ್ಗೊಮರಿ ವಾರ್ಡ್ ಎಂಬ ವ್ಯಾಪಾರಸಂಸ್ಥೆಯವರು, ಹಬ್ಬಕ್ಕೆ ಬರುವ ಮಕ್ಕಳಿಗೆ ಉಚಿತವಾಗಿ ಹಂಚಲೆಂದು, ತಮ್ಮಲ್ಲಿ ಜಾಹೀರಾತು ಬರೆಯುತ್ತಿದ್ದ ರಾಬರ್ಟ್ ಮೇ ಎಂಬಾತನಿಂದ ಇದನ್ನು ಪದ್ಯರೂಪದಲ್ಲಿ ಬರೆಸಿದರು. ಆಗ ಆತನ ಹೆಂಡತಿಯು ಅರ್ಬುದರೋಗದಿಂದ ಹಾಸಿಗೆ ಹಿಡಿದಿದ್ದಳು. ಜುಲೈ ತಿಂಗಳಲ್ಲಿ ತೀರಿಕೊಂಡಳು. ಕೆಲಸವನ್ನು ಬೇರೊಬ್ಬರಿಗೆ ವಹಿಸೋಣವೆಂದು ಮೇಲಧಿಕಾರಿಯು ಹೇಳಿದರೂ ಆತನು ಒಪ್ಪದೆ, ನಾಲ್ಕು ವರ್ಷದ ಮಗಳಿಗೆ ಓದಿ ಹೇಳುತ್ತ, ಆಗಸ್ಟಿನಲ್ಲಿ ಮುಗಿಸಿದನು. ಕೆಂಪು ಮೂಗು ಕುಡುಕರ ಲಕ್ಷಣವೆಂದು ಸಂಸ್ಥೆಯವರು ಅಂಜಿದ್ದರಂತೆ! ಡೆನ್ವರ್ ಗಿಲೆನ್ ಎಂಬ ಚಿತ್ರಕಾರನನ್ನು ಮೃಗಾಲಯಕ್ಕೆ ಕರೆದೊಯ್ದು ಬರೆಸಿದ ಮುದ್ದಾದ ಚಿತ್ರಗಳನ್ನು ಕಂಡ ಮೇಲೆ ಆ ಅಂಜಿಕೆ ಹೋಯಿತು. ಆ ವರ್ಷ ಸುಮಾರು 24 ಲಕ್ಷ ಪ್ರತಿಗಳು ಹಂಚಿಹೋದವು.

ಕಥೆ ಚಿಕ್ಕದು. ದೀಪದಂತೆ ಹೊಳೆಯುವ ಮೂಗಿನ ದೆಸೆಯಿಂದ ರುಡಾಲ್ಫನನ್ನು ಜೊತೆಯ ಜಿಂಕೆಗಳು ಹಾಸ್ಯಮಾಡುತ್ತವೆ, ಆಟಕ್ಕೆ ಸೇರಿಸುವುದಿಲ್ಲ. ಹಬ್ಬದ ಹಿಂದಿನ ರಾತ್ರಿ, ಎಂಟು ಜಿಂಕೆಗಳ ಬಂಡಿಯಲ್ಲಿ ಮಕ್ಕಳಿಗೆ ಉಡುಗೊರೆ ಹಂಚಲು ಹೊರಟ ಸಾಂತಾಕ್ಲಾಸನೆಂಬ ವೃದ್ಧನು ದಟ್ಟವಾದ ಮಂಜಿನಲ್ಲಿ ದಾರಿ ಕಾಣದೆ ತೊಳಲುತ್ತಾನೆ. ರುಡಾಲ್ಫನ ಮನೆಗೆ ಬಂದಾಗ ಆ ಮೂಗಿನ ಬೆಳಕನ್ನು ಕಂಡು, ‘ನೀನೇ ಮುಂದಾಳಾಗು’ ಎಂದು ಬೇಡಿಕೊಳ್ಳುತ್ತಾನೆ.

ಇದರಲ್ಲಿ ಪೂಜೆಯೂ ಇಲ್ಲ, ಮತಬೋಧೆಯೂ ಇಲ್ಲ. ಜಿಂಕೆಗಳು ಆಕಾಶದಲ್ಲಿ ಓಡುವುದುಂಟೆ ಎನ್ನುವವರು, ದಿಕ್ಪಾಲಕನಾದ ವಾಯುವಿಗೆ ವಾಹನ ಯಾವುದೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ಮೇಘವನ್ನು ದೂತನನ್ನಾಗಿ ಕಳುಹಿದ ಕಾಳಿದಾಸನನ್ನು ತಲೆಯ ಮೇಲೆ ಹೊತ್ತವರು ಒಂದು ಜಿಂಕೆಯ ವಿಷಯದಲ್ಲಿ ತರ್ಕಶಾಸ್ತ್ರವನ್ನು ತೆಗೆಯುವುದು ಉಚಿತವಲ್ಲ.

ಪುಸ್ತಕವು ಇಂಗ್ಲಿಷಿನಲ್ಲಿದ್ದರೆ ಚಿಂತೆಯಿಲ್ಲ. ಚಿತ್ರವನ್ನು ಮುಂದಿಟ್ಟುಕೊಂಡು ಮನೆಯ ಕನ್ನಡದಲ್ಲಿ ಹೇಳಿರಿ. ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣವನ್ನು ಕುವೆಂಪು ಅವರು ತುಂಗೆಯ ದಡದ ಬೊಮ್ಮನಹಳ್ಳಿಯನ್ನಾಗಿ ಮಾಡಲಿಲ್ಲವೆ? ಇಲ್ಲಿ ನಮಗೆ ಅಷ್ಟು ಶ್ರಮವೂ ಬೇಕಿಲ್ಲ. ಹಿಮವನ್ನು ನಮ್ಮ ಮಕ್ಕಳು ಕಂಡಿಲ್ಲ, ನಿಜ. ಆದರೆ ಕಥೆಯ ತಿರುವು ಇರುವುದು ಹಿಮದಲ್ಲಲ್ಲ, ಮಂಜಿನಲ್ಲಿ. ರಾಗಿಯ ಕಟಾವಿನ ಕಾಲದಲ್ಲಿ, ಹತ್ತು ಮಾರು ದೂರದ ಮೆದೆಯೂ ಕಾಣದಂತೆ ಕವಿಯುವ ಮುಂಜಾನೆಯ ಮಂಜನ್ನು ನಮ್ಮೂರ ಮಗುವಿಗೆ ಯಾರೂ ವರ್ಣಿಸಬೇಕಾಗಿಲ್ಲ. ಚಿಮಣಿಯ ಮಾತು ಮಾತ್ರ ಸ್ವಲ್ಪ ತೊಡಕು: ಸೀಮೆಎಣ್ಣೆಯ ದೀಪವನ್ನೇ ಚಿಮಣಿಯೆನ್ನುವ ಅಜ್ಜಿಯರು ಮನೆಯಲ್ಲಿದ್ದರೆ, ಆ ಸ್ಥೂಲಕಾಯನು ಅದರೊಳಗೆ ಇಳಿದುದು ಹೇಗೆಂದು ಕೇಳದೆ ಬಿಡರು.

ಒಂದು ಎಚ್ಚರಿಕೆ. ಓದಿ ಮುಗಿಸಿದೊಡನೆ ‘ಇದರಿಂದ ಏನು ತಿಳಿಯಿತು?’ ಎಂದು ಪರೀಕ್ಷೆ ನಡೆಸಬಾರದು. ಅಡ್ಡಹೆಸರಿನ ಕಾಟಕ್ಕೆ ಬೇಸತ್ತು ಹಿಂದಿನ ಸಾಲಿಗೆ ಸರಿದು, ಕೊನೆಗೆ ಶಾಲೆಯನ್ನೇ ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಮೆಳ್ಳಗಣ್ಣು, ತೊದಲು, ಗಿಡ್ಡ ಮೈ, ಯಾವುದಾದರೂ ಸಾಕು. ಹೀಗೆ ಕರೆಯಬಾರದೆಂದು ಉಪಾಧ್ಯಾಯರು ಎಷ್ಟು ಸಲ ಗದರಿದರೂ, ಅವರ ಬೆನ್ನು ತಿರುಗಿದೊಡನೆ ಆ ಹೆಸರು ಮತ್ತೆ ಕೇಳಿಬರುತ್ತಿತ್ತು. ಗದರಿಕೆಗೆ ಬಗ್ಗದ ಮನಸ್ಸು ಜಿಂಕೆಗೆ ಬಗ್ಗೀತು. ಆದರೆ ಅದು ಆಟವೆಂದೇ ಒಳಹೊಗಬೇಕು.

ಈ ಕಥೆಯಲ್ಲಿ ನನಗೊಂದು ಅಸಮಾಧಾನವೂ ಉಂಟು: ಮೂಗು ಉಪಯೋಗಕ್ಕೆ ಬಂದ ಮೇಲಷ್ಟೇ ಜೊತೆಯವರು ಅದನ್ನು ಮೆಚ್ಚುತ್ತಾರೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ನೆರೆಮನೆಯ ಮಕ್ಕಳಿಗೆ ಓದುತ್ತಿದ್ದಾಗ, ‘ತಾತ, ಅದಕ್ಕೆ ನೆಗಡಿ ಆಗೈತಾ?’ ಎಂದು ಮೊದಲ ಚಿತ್ರಕ್ಕೇ ನಗಿಸಿದ ಐದು ವರ್ಷದ ಹುಡುಗಿಯು ಕಥೆ ಮುಗಿದ ಮೇಲೆ ಸುಮ್ಮನೆ ಕುಳಿತಿದ್ದು, ‘ಅವತ್ತು ಮಂಜು ಬೀಳದೇ ಇದ್ದಿದ್ರೆ ಅದನ್ನ ಆಟಕ್ಕೆ ಸೇರಿಸ್ಕೊಳ್ತಾನೇ ಇರ್ಲಿಲ್ವಾ?’ ಎಂದಳು. ಅವಳ ಅಣ್ಣನು ಇಲ್ಲವೆಂದನು. ಅವಳು ಪುಸ್ತಕವನ್ನು ಕಸಿದುಕೊಂಡು, ಜಿಂಕೆಗಳೆಲ್ಲ ನಗುವ ಪುಟವನ್ನು ತೆಗೆದು, ಅವುಗಳನ್ನು ಒಂದೊಂದಾಗಿ ಬಯ್ಯತೊಡಗಿದಳು.