ಹಾರ ಕಟ್ಟಿದವರ ಹೆಸರೂ ಬರಲಿ

ನಮ್ಮ ಜಿಲ್ಲೆಯಲ್ಲಿ ದೊಡ್ಡ ಸಮಾರಂಭ ಅಂದರೆ ಹಾವೇರಿಯ ಏಲಕ್ಕಿ ಹಾರ ಇರಲೇಬೇಕು. ರಾಣೆಬೆನ್ನೂರು, ಬ್ಯಾಡಗಿ, ಎಲ್ಲಿಗೆ ವರದಿಗೆ ಹೋದರೂ ನಾನು ಬರೆಯುವ ಸಾಲು ಒಂದೇ: ‘ಏಲಕ್ಕಿ ಹಾರ ಹಾಕಿ ಸನ್ಮಾನಿಸಲಾಯಿತು.’ ಹಾಕಿದವರ ಹೆಸರು, ಹಾಕಿಸಿಕೊಂಡವರ ಹೆಸರು ಎರಡೂ ಬರೆಯುತ್ತೇನೆ. ಕಟ್ಟಿದವರ ಹೆಸರು ಬರೆದಿಲ್ಲ. 2023ರಲ್ಲಿ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ನಡೆದಾಗಲೂ ಬರೆಯಲಿಲ್ಲ. ತಪ್ಪು ನನ್ನದೇ.

ಹಾವೇರಿಗೆ ‘ಏಲಕ್ಕಿ ಕಂಪಿನ ನಾಡು’ ಎಂಬ ಹೆಸರಿದೆ. ಆದರೆ ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಇಲ್ಲಿಯದು ಕೈಕೆಲಸ. ಬಂಗಾರದ ಗುಂಡು, ತಾಳಿಗಳನ್ನು ದಾರದಲ್ಲಿ ಪೋಣಿಸಿ, ಹೆಣೆದು ಕೊಡುವುದು ಪಟವೇಗಾರರ ಹಳೆಯ ಕಸುಬು. ಇಲ್ಲಿನ ಪಟವೇಗಾರರ ಮನೆತನದ ಕೈಯಲ್ಲಿ ಏಲಕ್ಕಿಯೂ ಒಡವೆಯಾಯಿತು. ಒಂದೇ ಗಾತ್ರದ ಕಾಯಿ ಆರಿಸಬೇಕು, ಸಿಪ್ಪೆ ಸೀಳದಂತೆ ಸೂಜಿ ದಾಟಿಸಬೇಕು, ಎಳೆಗಳನ್ನು ಕೂಡಿಸಿ ಮಣಿ, ಜರಿ ಸೇರಿಸಬೇಕು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಬೆಳೆಗೆ ಸಿಕ್ಕ ಮರ್ಯಾದೆ ಕೈಕೆಲಸಕ್ಕೂ ಸಿಗಬೇಡವೇ?

ಹಾರ ಕೊಳ್ಳುವಾಗ ಏಲಕ್ಕಿ ತೂಕವನ್ನಷ್ಟೇ ಲೆಕ್ಕ ಹಾಕಿ ಚೌಕಾಸಿ ಮಾಡಬೇಡಿ. ಏಲಕ್ಕಿ ದರ ಏರಿದ ಮೇಲೂ ಹಳೆಯ ದುಡ್ಡಿಗೇ ಹಾರ ಕೇಳಿದರೆ ಕಡಿಮೆಯಾಗುವುದು ಕಟ್ಟಿದವರ ಕೂಲಿ. ಕೂಲಿ ಗಿಟ್ಟದ ಕೆಲಸವನ್ನು ಮಕ್ಕಳು ಯಾಕೆ ಕಲಿತಾರು?

ಸಂಘಟಕರಲ್ಲಿ ಒಂದು ವಿನಂತಿ. ಮುಂದಿನ ಸಮಾರಂಭದಲ್ಲಿ ಹಾರ ಕಟ್ಟಿದವರ ಹೆಸರನ್ನು ಮೈಕಿನಲ್ಲಿ ಒಮ್ಮೆ ಹೇಳಿಸಿ. ವರದಿಯಲ್ಲಿ ಬರೆಯುವ ಕೆಲಸ ನನಗಿರಲಿ.