ಮೂಸಾರಾಂಬಾಗಿನ ಸೇನಾನಿ, ಬಳ್ಳಾರಿಯ ಬೆಲೆ

ಶ್ರೀರಂಗಪಟ್ಟಣದ ಪತನದ ಕಾರಣ ಹುಡುಕುತ್ತ 1799ರ ಮೇ 4ರಿಂದ ಹಿಂದಕ್ಕೆ ಹೊರಟವರು ಸಾಮಾನ್ಯವಾಗಿ ಮೀರ್ ಸಾದಿಕನ ಹೆಸರಿನ ಹತ್ತಿರ ನಿಂತುಬಿಡುತ್ತಾರೆ. ಒಬ್ಬ ದ್ರೋಹಿಯ ಹೆಗಲಿಗೆ ಎಲ್ಲವನ್ನೂ ಹೊರಿಸಿದರೆ ಇತಿಹಾಸ ಸಲೀಸಾಗಿ ಮುಗಿದುಹೋಗುತ್ತದೆ. ಇನ್ನೊಂದು ಆರೇಳು ತಿಂಗಳು ಹಿಂದಕ್ಕೆ ಹೋಗಿ, ಹೈದರಾಬಾದಿನ ಮೂಸಿ ನದಿಯ ದಂಡೆಗೆ ಬಂದರೆ ಬೇರೆಯದೇ ಕಾರಣ ಕಾಣುತ್ತದೆ. 1798ರ ಅಕ್ಟೋಬರ್ 22ರಂದು ನಿಜಾಮನ ಅತ್ಯುತ್ತಮ ಕಾಲಾಳು ದಳ ಒಂದೇ ದಿನದಲ್ಲಿ, ರಕ್ತಪಾತವಿಲ್ಲದೆ, ಬಂದೂಕು ಕೆಳಗಿಟ್ಟಿತು. ಟಿಪ್ಪುವಿನ ಮೇಲೆ ದಂಡೆತ್ತಿ ಹೋಗಲು ಈಸ್ಟ್ ಇಂಡಿಯಾ ಕಂಪನಿಗೆ ಉತ್ತರದ ಬಾಗಿಲು ತೆರೆದದ್ದು ಅಂದು. ಆ ದಳವನ್ನು ಕಟ್ಟಿದ ಮಿಷೆಲ್ ಜೋಕಿಮ್ ಮಾರಿ ರೇಮಂಡ್ ಎಂಬ ಫ್ರೆಂಚ್ ಸೇನಾನಿಗೆ ಕನ್ನಡಿಗರ ಚರಿತ್ರೆಯಲ್ಲೂ ಒಂದು ಪುಟ ಸಲ್ಲಬೇಕು ಎಂಬುದು ನನ್ನ ವಾದ.

ಫ್ರಾನ್ಸಿನ ಗ್ಯಾಸ್ಕನಿ ಸೀಮೆಯಲ್ಲಿ 1755ರಲ್ಲಿ ಹುಟ್ಟಿದ ರೇಮಂಡ್ ಪಾಂಡಿಚೇರಿಗೆ ಬಂದದ್ದು ವ್ಯಾಪಾರಕ್ಕೆ. ಸಿಪಾಯಿಗಿರಿಯ ಮೊದಲ ಪಾಠ ಕಲಿತದ್ದು ಮೈಸೂರಿನಲ್ಲಿ, ಹೈದರ್ ಅಲಿಯ ಸೇವೆಯಲ್ಲಿದ್ದ ಫ್ರೆಂಚ್ ತುಕಡಿಯಲ್ಲಿ. ಆಮೇಲೆ ಫ್ರೆಂಚ್ ಸೇನಾನಿ ಬುಸ್ಸಿಯ ಕೈಕೆಳಗೆ ದುಡಿದು, 1780ರ ದಶಕದ ನಡುವೆ ನಿಜಾಮ್ ಅಲಿ ಖಾನನ ಆಸ್ಥಾನ ಸೇರಿದ. ಕೆಲವೇ ನೂರು ಜನರಿದ್ದ ತುಕಡಿ ಹತ್ತು ವರ್ಷದಲ್ಲಿ ಹತ್ತು ಸಾವಿರ ದಾಟಿತು. ಅದರ ಖರ್ಚಿಗೆ ಜಾಗೀರುಗಳು ಬಂದವು. ಫಿರಂಗಿ ಎರಕ ಹೊಯ್ಯಲು ಇಂದಿನ ಆಬಿಡ್ಸ್ ಬಳಿ ಕಾರ್ಖಾನೆ ಎದ್ದಿತು. ‘ತೋಪ್ ಕಾ ಸಾಂಚಾ’ ಎಂದು ಜನ ಕರೆಯುತ್ತಿದ್ದ ಆ ಜಾಗ ಈಗಿನ ಗನ್‌ಫೌಂಡ್ರಿ. 1795ರ ಮಾರ್ಚ್‌ನಲ್ಲಿ ಮರಾಠರೆದುರು ಖರ್ಡಾದಲ್ಲಿ ನಿಜಾಮ ಸೋತ. ಉಳಿದ ಸೈನ್ಯ ಚೆಲ್ಲಾಪಿಲ್ಲಿಯಾದರೂ ರೇಮಂಡನ ಪಟಾಲಮುಗಳು ಕದಲದೆ ನಿಂತಿದ್ದವು. ಅದೇ ವರ್ಷ ನಿಜಾಮನ ಮಗ ಅಲಿ ಜಾಹ್ ಬಂಡೆದ್ದಾಗ ಬೆನ್ನಟ್ಟಿ ದಂಗೆ ಅಡಗಿಸಿದವನೂ ಇವನೇ. ಹಿಂದೂಗಳಿಗೆ ಮೂಸಾ ರಾಮ್, ಮುಸ್ಲಿಮರಿಗೆ ಮೂಸಾ ರಹೀಮ್ ಆಗಿ, ಹೈದರಾಬಾದಿನ ಮೂಸಾರಾಂಬಾಗ್ ಬಡಾವಣೆಗೆ ಹೆಸರಾಗಿ ಉಳಿದ.

1798ರ ಮಾರ್ಚ್ 25ರಂದು ರೇಮಂಡ್ ತೀರಿಕೊಂಡ. ಒಂದು ತಿಂಗಳು ಕಳೆಯುವಷ್ಟರಲ್ಲಿ ಹೊಸ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಮದರಾಸಿಗೆ ಬಂದಿಳಿದ. ಮೇ ತಿಂಗಳಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹಡಗು ಹತ್ತಿದ. ಇಂಗ್ಲಿಷರಿಗೆ ಅವಸರ ಹುಟ್ಟಿತು. ಸೆಪ್ಟೆಂಬರ್ 1ರಂದು ರೆಸಿಡೆಂಟ್ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ ನಿಜಾಮನಿಂದ, ರೇಮಂಡನ ದಳವನ್ನು ವಿಸರ್ಜಿಸುವ ಷರತ್ತಿನೊಂದಿಗೆ, ಸಹಾಯಕ ಸೈನ್ಯದ ಒಪ್ಪಂದ ಬರೆಸಿಕೊಂಡ. ಮುಂದಿನದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ದಳ ಇಂಗ್ಲಿಷರ ಗುಂಡಿಗೆ ಮುರಿದು ಬೀಳಲಿಲ್ಲ. ರೇಮಂಡನ ಜಾಗಕ್ಕೆ ಬಂದ ಪಿರೋನನಿಗೆ ಆ ಹಿಡಿತ ಇರಲಿಲ್ಲ. ಬಾಕಿ ಸಂಬಳಕ್ಕಾಗಿ ಸಿಪಾಯಿಗಳು ತಮ್ಮ ಅಧಿಕಾರಿಗಳ ಮೇಲೆಯೇ ತಿರುಗಿಬಿದ್ದರು. ಮಾತಾಡಿಸಲು ಹೋದ ಕಂಪನಿಯ ಅಧಿಕಾರಿ ಜಾನ್ ಮಾಲ್ಕಮ್ ಅವರ ಕೈಗೆ ಸಿಕ್ಕಿಬಿದ್ದ. ಹಿಂದೆ ಕಂಪನಿಯ ಪಲ್ಟಣದಲ್ಲಿದ್ದ ಕೆಲವು ಸಿಪಾಯಿಗಳು ಗುರುತು ಹಿಡಿದು ಅವನನ್ನು ಪಾರು ಮಾಡಿದರು. ಮರುದಿನ ಕಂಪನಿಯ ಪಡೆ ಬಂದು ಸುತ್ತುವರಿದಾಗ ಎದುರಿಸುವ ಮನಸ್ಸು ಯಾರಿಗೂ ಉಳಿದಿರಲಿಲ್ಲ. ಹೀಗೆ ಬಿಡುಗಡೆಯಾದವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ನಿಜಾಮನ ಪಡೆಯಲ್ಲಿ, ಕಂಪನಿಯ ಹುಕುಮಿನಂತೆ, ಶ್ರೀರಂಗಪಟ್ಟಣದತ್ತ ನಡೆದರು. ಆ ಪಡೆಯ ಜೊತೆಗಿದ್ದ ಇಂಗ್ಲಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ.

ಕೂಲಿಗೆ ಕಾದಾಡಿದ ಪರದೇಶಿಯನ್ನು ಏಕೆ ನೆನೆಯಬೇಕು ಎಂದು ಕೇಳುವವರಿದ್ದಾರೆ. ಇದೇ ಆರ್ಥರ್ ವೆಲ್ಲೆಸ್ಲಿ 1815ರಲ್ಲಿ ವಾಟರ್‌ಲೂ ಮೈದಾನದಲ್ಲಿ ಸಂಜೆಯವರೆಗೆ ದಾರಿ ಕಾದದ್ದು ಪ್ರಷ್ಯದ ಸೇನಾನಿ ಬ್ಲ್ಯೂಷರನಿಗಾಗಿ. ಪ್ರಷ್ಯದ ಮಹಾವೀರನೆನಿಸಿದ ಆ ಬ್ಲ್ಯೂಷರ್ ಹುಟ್ಟಿದ್ದು ಮೆಕ್ಲೆನ್‌ಬರ್ಗ್‌ನಲ್ಲಿ, ಮೊದಲು ಕತ್ತಿ ಹಿಡಿದದ್ದು ಸ್ವೀಡನ್ನಿನ ಪರವಾಗಿ, ಪ್ರಷ್ಯದ ವಿರುದ್ಧ. ಸೆರೆ ಸಿಕ್ಕಮೇಲೆ ಪ್ರಷ್ಯದ ಪಡೆ ಸೇರಿದ. ಪ್ರಷ್ಯದ ಸೈನ್ಯವನ್ನು ಹೊಸದಾಗಿ ಕಟ್ಟಿದ ಶಾರ್ನ್‌ಹಾರ್ಸ್ಟ್ ಹ್ಯಾನೊವರಿನವನು, ಗ್ನೈಸೆನಾವ್ ಸ್ಯಾಕ್ಸನಿಯಲ್ಲಿ ಹುಟ್ಟಿದವನು. ಅಂದಿನ ಯುರೋಪಿನಲ್ಲಿ ಸೇನಾನಿಯ ನಿಷ್ಠೆಯನ್ನು ಅಳೆಯುತ್ತಿದ್ದದ್ದು ಹುಟ್ಟಿದ ಊರಿನಿಂದಲ್ಲ, ಉಂಡ ಉಪ್ಪಿನಿಂದ. ಅವರಿಗೊಂದು ನ್ಯಾಯ, ಗೋಲ್ಕೊಂಡದ ನೆರಳಲ್ಲಿ ಸತ್ತವನಿಗೆ ಇನ್ನೊಂದು ನ್ಯಾಯ ಏಕೆ?

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ದಳ ಉಳಿದಿದ್ದರೂ ನಿಜಾಮ ಟಿಪ್ಪುವಿನ ಕೈ ಹಿಡಿಯುತ್ತಿರಲಿಲ್ಲ. 1790ರ ಯುದ್ಧದಲ್ಲೂ ಅವನು ಕಂಪನಿಯ ಪಾಲುದಾರನೇ ಆಗಿದ್ದ. ಒಪ್ಪುತ್ತೇನೆ. ಆದರೆ 1792ರಲ್ಲಿ ಮೈಸೂರಿನ ನೆಲ ಪಾಲಾದಾಗ ಅವನಿಗೆ ಸ್ವಂತ ಸೈನ್ಯವಿತ್ತು, ಸಿಕ್ಕಿದ್ದನ್ನು ಉಳಿಸಿಕೊಂಡ. 1799ರಲ್ಲಿ ಇದ್ದದ್ದು ಬಾಡಿಗೆಯ ಸೈನ್ಯ, ಅದರ ಬಾಡಿಗೆ ಪ್ರತಿ ವರ್ಷ ಕಟ್ಟಬೇಕು. 1800ರಲ್ಲಿ ಆ ಬಾಡಿಗೆಯ ಬಾಬ್ತಿಗೆಂದೇ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬರೆದುಕೊಟ್ಟ. ಮೈಸೂರಿನಿಂದ ಎರಡು ಯುದ್ಧಗಳಲ್ಲಿ ಪಡೆದದ್ದರಲ್ಲಿ ಬಹುಪಾಲು ಹಾಗೆ ಹೋಯಿತು. ದತ್ತಮಂಡಲವೆನಿಸಿ ಕಂಪನಿಯ ಕಲೆಕ್ಟರ್ ಮನ್ರೋನ ಕಂದಾಯಕ್ಕೆ ಒಳಪಟ್ಟ ಬಳ್ಳಾರಿ ಮದರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ರಂದು. ಬಳ್ಳಾರಿಗಾಗಿ ನಡೆದ ಚಳವಳಿಯನ್ನು ಅಭಿಮಾನದಿಂದ ನೆನೆಯುವ ನಾವು, ಬಳ್ಳಾರಿ ಮದರಾಸಿನ ಪಾಲಾದದ್ದು ಹೇಗೆಂದು ಕೇಳಿಕೊಂಡದ್ದು ಕಡಿಮೆ.

ರೇಮಂಡ್ ಬದುಕಿದ್ದರೆ ಹೈದರಾಬಾದು ಇಂಗ್ಲಿಷರ ಬದಲು ಫ್ರೆಂಚರ ಕೈಗೊಂಬೆ ಆಗುತ್ತಿತ್ತು ಎಂಬ ಮಾತೂ ಇದೆ. ಅವನ ದಳ ಫ್ರೆಂಚ್ ಕ್ರಾಂತಿಯ ಬಾವುಟ ಹಾರಿಸುತ್ತಿದ್ದದ್ದು ನಿಜ. ಆದರೆ 1793ರಲ್ಲೇ ಪಾಂಡಿಚೇರಿ ಇಂಗ್ಲಿಷರ ವಶವಾಗಿತ್ತು. ಫ್ರಾನ್ಸಿನಿಂದ ಒಂದು ಹಡಗು ನೆರವೂ ಬರುವ ದಾರಿ ಇರಲಿಲ್ಲ. ಅವನ ಸಿಪಾಯಿಯ ಹೊಟ್ಟೆ ತುಂಬುತ್ತಿದ್ದದ್ದು ನಿಜಾಮನ ಜಾಗೀರಿನಿಂದ ಮಾತ್ರ. ಹಿಡಿತ ಯಾರ ಕೈಯಲ್ಲಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ.

ಗೆದ್ದ ಕಿರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಕೋಠಿಯ ರೆಸಿಡೆನ್ಸಿ ಈಚೆಗೆ ಜೀರ್ಣೋದ್ಧಾರ ಕಂಡಿದೆ. ಅವನ ಪ್ರೇಮಕಥೆ ಲೋಕಪ್ರಸಿದ್ಧ. ಅಲ್ಲಿಂದ ಕೆಲವೇ ಮೈಲಿ ದೂರದ ಆಸ್ಮಾನ್‌ಗಢದ ದಿಬ್ಬದ ಮೇಲೆ ರೇಮಂಡನ ಸಮಾಧಿಯಿದೆ: ಸುಮಾರು 23 ಅಡಿ ಎತ್ತರದ ಚೂಪು ಕಂಬ, ಅದರ ಮೇಲೆ ಹೆಸರಿನ ಎರಡೇ ಅಕ್ಷರ, ಪಕ್ಕದಲ್ಲಿ 2001ರಲ್ಲಿ ಕುಸಿದು ಮತ್ತೆ ಕಟ್ಟಿದ ಕಂಬಗಳ ಮಂಟಪ. ಅಲ್ಲಿ 1798ರ ಅಕ್ಟೋಬರ್ 22ರ ಕಥೆಯನ್ನೂ 1800ರ ಒಪ್ಪಂದವನ್ನೂ ವಿವರವಾಗಿ ಹೇಳುವ ಫಲಕ ಇರಬೇಕು, ತೆಲುಗು, ಉರ್ದು, ಕನ್ನಡ ಮೂರರಲ್ಲೂ. ನಮ್ಮ ಶಾಲಾ ಪಠ್ಯಗಳಲ್ಲಿ ನಾಲ್ಕನೇ ಮೈಸೂರು ಯುದ್ಧದ ಪಾಠ ಆ ದಿನದಿಂದಲೇ ಆರಂಭವಾಗಲಿ. ಬಳ್ಳಾರಿಯ ಮಕ್ಕಳಿಗಂತೂ ಅದನ್ನು ಮೊದಲು ಹೇಳಿಕೊಡಬೇಕು.